ಟೆಸ್ಟ್ ಕಿಟ್‌ನಲ್ಲಿ ಎಲ್ಲ ಸರಿ ಇದೆ, ಆದರೂ ಅಕ್ವೇರಿಯಂ ಗಿಡಗಳ ಮೇಲೆ ಪಾಚಿ ಬರುವುದು ನಿಲ್ಲುತ್ತಿಲ್ಲ

ಹಸಿರುಗಾಜು
ಎಲ್ಲರಿಗೂ ನಮಸ್ಕಾರ. ನನ್ನದು ಎರಡಡಿ ಉದ್ದದ ಟ್ಯಾಂಕ್. ಕಲ್ಲು, ಮರದ ತುಂಡು ಎಲ್ಲ ಕಳೆದರೆ ಸುಮಾರು 60 ಲೀಟರ್ ನೀರು. ಶುರುವಾಗಿ ನಾಲ್ಕೈದು ತಿಂಗಳಾಗಿದೆ. ಗಿಡಗಳು ಅನೂಬಿಯಾಸ್, ಜಾವಾ ಫರ್ನ್, ವ್ಯಾಲಿಸ್ನೇರಿಯಾ, ಒಂದಿಷ್ಟು ಕ್ರಿಪ್ಟೊಕೋರಿನ್. ನಿಯಾನ್ ಟೆಟ್ರಾಗಳ ಒಂದು ಗುಂಪು ಇದೆ, ತಳದಲ್ಲಿ ಕೋರಿಡೋರಾಸ್.

ಎಲ್‌ಇಡಿ ಲೈಟ್ ದಿನಕ್ಕೆ 11 ಗಂಟೆ ಉರಿಯುತ್ತದೆ. ಸಿಲಿಂಡರ್‌ನಿಂದ ಸಿಒ2 (ಕಾರ್ಬನ್ ಡೈಆಕ್ಸೈಡ್) ಬಿಡುವುದಿಲ್ಲ. ಗೊಬ್ಬರ ಹಾಕುವುದಿಲ್ಲ, ಹಾಕಿದರೆ ಪಾಚಿ ಜಾಸ್ತಿ ಆಗುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ಟೆಸ್ಟ್ ಮಾಡಿದರೆ ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 0, ಪಿಎಚ್ 7.4.

ಆದರೂ ಅನೂಬಿಯಾಸ್ ಎಲೆಗಳ ಅಂಚಿನಲ್ಲಿ ಕಪ್ಪು ಕುಚ್ಚು ಕುಚ್ಚಾಗಿ ಪಾಚಿ ಬರುತ್ತಿದೆ. ಗಾಜಿನ ಮೇಲೆ ಗಟ್ಟಿ ಹಸಿರು ಚುಕ್ಕೆ. ನೀರು ಇಷ್ಟು ಚೆನ್ನಾಗಿದ್ದರೂ ಪಾಚಿ ಯಾಕೆ? ಏನು ಮಾಡಬೇಕು ಹೇಳಿ.

ಗುಳ್ಳೆ
ಕಪ್ಪು ಕುಚ್ಚು ಬೆರಳಲ್ಲಿ ಉಜ್ಜಿದರೆ ಬರುತ್ತದಾ, ಇಲ್ವಾ?

ಹಸಿರುಗಾಜು
ಇಲ್ಲ. ಜೋರಾಗಿ ಉಜ್ಜಿದರೆ ಎಲೆಯೇ ಹರಿಯುತ್ತದೆ. ಫಿಲ್ಟರ್‌ನಿಂದ ನೀರು ಬೀಳುವ ಪೈಪಿನ ಬಾಯಲ್ಲೂ ಅದೇ ಇದೆ.

ಕೆರೆದಂಡೆ
ಹಾಗಾದರೆ ಅನುಮಾನ ಬೇಡ, ಅದು ಬ್ಲಾಕ್ ಬಿಯರ್ಡ್ ಆಲ್ಗೆ. ಇಲ್ಲಿ ಎಲ್ಲರೂ ಬಿಬಿಎ ಅಂತ ಕರೆಯುತ್ತಾರೆ. ಕಣ್ಣಿಗೆ ಕಪ್ಪಾಗಿ ಕಂಡರೂ ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು. ಒಂದು ಕುಚ್ಚು ಕಿತ್ತು ಸ್ಪಿರಿಟ್‌ನಲ್ಲಿ ಹಾಕಿ ನೋಡಿ, ಬಣ್ಣ ಕೆಂಪಿಗೆ ತಿರುಗುತ್ತದೆ. ನೀರು ಜೋರಾಗಿ ಹರಿಯುವ ಕಡೆ, ಹಳೆಯ ಎಲೆ, ನಿಧಾನ ಬೆಳೆಯುವ ಗಿಡ, ಇವೇ ಅದರ ಜಾಗ.

ಗಾಜಿನ ಮೇಲಿನದು ಗ್ರೀನ್ ಸ್ಪಾಟ್. ಅದು ಬೇರೆಯೇ ಜಾತಿ, ಕಾರಣವೂ ಬೇರೆ. ‘ಪಾಚಿ’ ಅಂತ ಒಟ್ಟಿಗೆ ಸೇರಿಸಿ ಒಂದೇ ಮದ್ದು ಹುಡುಕಬೇಡಿ.

ತಿಳಿನೀರು
ನೈಟ್ರೇಟ್ 0 ಅಂದರೆ ತುಂಬಾ ಒಳ್ಳೆಯದು. ಅದನ್ನು ಹಾಗೇ ಇಟ್ಟುಕೊಳ್ಳಿ. ಮೀನಿಗೆ ಹಾಕುವ ಆಹಾರ ಅರ್ಧ ಮಾಡಿ, ವಾರಕ್ಕೆ ಎರಡು ಸಲ ನೀರು ಬದಲಾಯಿಸಿ. ತಿನ್ನಲು ಏನೂ ಸಿಗದಿದ್ದರೆ ಪಾಚಿ ತಾನಾಗಿಯೇ ಸಾಯುತ್ತದೆ.

ರಸಾಯನ ಮೇಷ್ಟ್ರು
ತಿಳಿನೀರು ಅವರೇ, ಇದನ್ನು ಒಪ್ಪಲು ಆಗುವುದಿಲ್ಲ. ಗಿಡ ಇಲ್ಲದ ಟ್ಯಾಂಕಿಗೆ ನೀವು ಹೇಳಿದ್ದು ಸರಿ. ಗಿಡದ ಟ್ಯಾಂಕಿನಲ್ಲಿ ನೈಟ್ರೇಟ್ 0 ಅಂದರೆ ಗಿಡ ಹಸಿದಿದೆ ಎಂದರ್ಥ. ಪಾಚಿಗೆ ಬೇಕಾದದ್ದು ತೀರಾ ಕಡಿಮೆ. ಟೆಸ್ಟ್ ಕಿಟ್‌ಗೆ ಕಾಣದಷ್ಟು ಇದ್ದರೂ ಅದು ಬದುಕುತ್ತದೆ. ನಾವು ಉಪವಾಸ ಕೆಡವುವುದು ಪಾಚಿಯನ್ನಲ್ಲ, ಗಿಡವನ್ನು. ಹಸಿದ ಗಿಡದ ಹಳೆಯ ಎಲೆಯ ಒಳಗಿನದು ಹೊರಗೆ ಸೋರಲು ಶುರುವಾಗುತ್ತದೆ, ಪಾಚಿ ಅಲ್ಲೇ ಬಂದು ಕೂರುತ್ತದೆ.

ಈ ಜಗಳ ಹಳೆಯದು. 1996ರಲ್ಲಿ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ ಒಂದು ಲೇಖನ ಬರೆದರು. ಗಿಡಕ್ಕೆ ಬೇಕಾದ ಉಳಿದದ್ದೆಲ್ಲ ಕೊಟ್ಟು ಫಾಸ್ಫೇಟ್ ಒಂದನ್ನು ಬಿಗಿ ಹಿಡಿದರೆ ಪಾಚಿ ಸೋಲುತ್ತದೆ ಎಂಬುದು ಅವರ ವಾದ. ಆಮೇಲೆ ಅಕ್ವೇರಿಯಂ ಗಿಡ ಬೆಳೆಸುವ ಟಾಮ್ ಬಾರ್ ಫಾಸ್ಫೇಟನ್ನೂ ಧಾರಾಳವಾಗಿ ಹಾಕಿ ತೋರಿಸಿದರು. ಗಿಡ ಚೆನ್ನಾಗಿ ಬೆಳೆಯುವ ಟ್ಯಾಂಕಿನಲ್ಲಿ ಪಾಚಿ ಬರಲಿಲ್ಲ. ಅಲ್ಲಿಂದ ಹುಟ್ಟಿದ್ದೇ ‘ಎಸ್ಟಿಮೇಟಿವ್ ಇಂಡೆಕ್ಸ್’, ಚಿಕ್ಕದಾಗಿ ಇಐ. ಎಲ್ಲ ಗೊಬ್ಬರವನ್ನೂ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹಾಕುವುದು, ವಾರಕ್ಕೊಮ್ಮೆ ಅರ್ಧ ನೀರು ತೆಗೆಯುವುದು.

ಅರ್ಧ ನೀರು ಯಾಕೆ ಅಂದರೆ ಲೆಕ್ಕ ಸುಲಭ. ವಾರಕ್ಕೆ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಹಾಕುತ್ತೀರಿ ಅಂದುಕೊಳ್ಳಿ. ಗಿಡ ಒಂದು ಕಣವನ್ನೂ ತಿನ್ನದಿದ್ದರೂ ವಾರ ವಾರ ಅರ್ಧ ನೀರು ಬದಲಾಯಿಸಿದರೆ ಅದು 20 ದಾಟುವುದೇ ಇಲ್ಲ. 10, ಅರ್ಧ ತೆಗೆದು ಮತ್ತೆ ಹಾಕಿದರೆ 15, ಆಮೇಲೆ 17.5, ಹಾಗೇ 20ರ ಹತ್ತಿರ ಬಂದು ನಿಲ್ಲುತ್ತದೆ. ಟೆಸ್ಟ್ ಕಿಟ್ ಬೇಕಾಗಿಯೇ ಇಲ್ಲ.

ಹಸಿರುಗಾಜು ಅವರೇ, ನಿಮ್ಮ ನೈಟ್ರೇಟ್ ಕಿಟ್ ಬಗ್ಗೆಯೂ ಒಂದು ಮಾತು. ಬಾಟಲಿಯ ಕಿಟ್ ಆಗಿದ್ದರೆ ಎರಡನೇ ಬಾಟಲಿಯ ಪುಡಿ ತಳಕ್ಕೆ ಇಳಿದಿರುತ್ತದೆ. ಅದನ್ನು ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ನೀರಿನಲ್ಲಿ ಎಷ್ಟೇ ಇದ್ದರೂ ಹಳದಿಯೇ ತೋರಿಸುತ್ತದೆ. ಒಮ್ಮೆ ಕುಲುಕಿ ನೋಡಿ, ಆಮೇಲೆ 0 ಅನ್ನಿ.

ತಿಳಿನೀರು
ಮೇಷ್ಟ್ರೇ, ಹೊಲದ ಗೊಬ್ಬರ ಹರಿದು ಬಂದ ಕೆರೆ ಹಸಿರಾಗುವುದಿಲ್ಲವೇ? ಇದು ಕಣ್ಣಿಗೆ ಕಾಣುವ ವಿಷಯ. ಗೊಬ್ಬರ ಪಾಚಿ ತರುವುದಿಲ್ಲ ಅಂತ ಹೊಸಬರಿಗೆ ಹೇಳಿದರೆ ಅವರು ಬಾಟಲಿ ಬಗ್ಗಿಸಿಬಿಡುತ್ತಾರೆ.

ರಸಾಯನ ಮೇಷ್ಟ್ರು
ಕೆರೆಯ ಮಾತು ಒಳ್ಳೆಯದೇ ಎತ್ತಿದಿರಿ. ಆಳ ಇಲ್ಲದ ಕೆರೆಗಳು ಎರಡು ಸ್ಥಿತಿಯಲ್ಲಿ ನಿಲ್ಲುತ್ತವೆ. ತಳದ ತುಂಬಾ ಗಿಡ ಇದ್ದರೆ ಪೋಷಕಾಂಶ ಸಾಕಷ್ಟು ಇದ್ದರೂ ನೀರು ತಿಳಿಯಾಗಿರುತ್ತದೆ. ಗಿಡ ಹೋಯಿತೋ, ಅಷ್ಟೇ ಪೋಷಕಾಂಶದಲ್ಲಿ ನೀರು ಹಸಿರಾಗುತ್ತದೆ. ಆಮೇಲೆ ಬೆಳಕು ತಳಕ್ಕೆ ಇಳಿಯುವುದಿಲ್ಲ, ಗಿಡ ಮತ್ತೆ ಏಳುವುದೂ ಇಲ್ಲ. ಅಂದರೆ ಯಾರು ಮೊದಲು ಜಾಗ ಹಿಡಿದರು ಅನ್ನುವುದು ಮುಖ್ಯ. ಗಿಡ ಕಡಿಮೆ ಇರುವ ಟ್ಯಾಂಕಿಗೆ ಗೊಬ್ಬರ ಸುರಿಯಿರಿ ಎಂದು ನಾನೂ ಹೇಳುವುದಿಲ್ಲ.

ನೀರ್ಗಿಡ
ಇಬ್ಬರೂ ಗೊಬ್ಬರ ಹಿಡಿದು ಕೂತಿದ್ದೀರಿ. 11 ಗಂಟೆ ಲೈಟ್ ಯಾರಿಗೂ ಕಾಣಲಿಲ್ಲವೇ?

ಸಿಒ2 ಇಲ್ಲ, ಗೊಬ್ಬರ ಇಲ್ಲ, ಲೈಟ್ ಮಾತ್ರ 11 ಗಂಟೆ. ಇಟ್ಟಿಗೆ, ಸಿಮೆಂಟು ಕೊಡದೆ ಗಾರೆಯವರನ್ನು ಬೆಳಗಿನಿಂದ ರಾತ್ರಿವರೆಗೆ ಗೋಡೆ ಕಟ್ಟಿ ಅಂದ ಹಾಗಾಯಿತು. ಬೆಳಕು ಜಾಸ್ತಿ ಆದಷ್ಟೂ ಗಿಡ ಸಿಒ2, ನೈಟ್ರೇಟ್, ಫಾಸ್ಫೇಟ್ ಎಲ್ಲವನ್ನೂ ಜಾಸ್ತಿ ಕೇಳುತ್ತದೆ. ಕೊಡಲು ಆಗದಿದ್ದರೆ ಕೇಳುವುದನ್ನೇ ಕಡಿಮೆ ಮಾಡಿಸಬೇಕು. 6 ಗಂಟೆಗೆ ಇಳಿಸಿ. ಟೈಮರ್ ಹಾಕಿ, ಕೈಯಲ್ಲಿ ಆನ್ ಆಫ್ ಮಾಡಿದರೆ ಒಂದು ದಿನ 5, ಇನ್ನೊಂದು ದಿನ 9 ಆಗುತ್ತದೆ. ಮಬ್ಬು ಮಾಡುವ ಗುಂಡಿ ಇದ್ದರೆ ಇನ್ನೂ ಒಳ್ಳೆಯದು. ಅನೂಬಿಯಾಸ್ ಲೈಟಿನ ನೇರ ಕೆಳಗೆ ಇದೆಯಾ? ಅದು ಕಾಡಿನ ಹಳ್ಳದ ನೆರಳಲ್ಲಿ ಬೆಳೆಯುವ ಗಿಡ. ಮರದ ತುಂಡಿನ ಕೆಳಗೆ ಸರಿಸಿ.

ಕಿಟಕಿಯ ಬಿಸಿಲು ಟ್ಯಾಂಕಿಗೆ ಬೀಳುತ್ತದಾ?

ಹಸಿರುಗಾಜು
ಬಿಸಿಲು ಬೀಳುವುದಿಲ್ಲ. ಅನೂಬಿಯಾಸ್ ಮರದ ತುದಿಗೆ ಕಟ್ಟಿದ್ದೇನೆ, ಲೈಟಿಗೆ ಒಂದು ಗೇಣು ಅಷ್ಟೇ. ಮಧ್ಯಾಹ್ನ ಮೂರು ಗಂಟೆ ಕಾಲ ಲೈಟ್ ಆರಿಸಿ ಮತ್ತೆ ಹಾಕಿದರೆ ಪಾಚಿ ಕಡಿಮೆ ಆಗುತ್ತದೆ ಅಂತ ಓದಿದ್ದೆ. ನಿಜವಾ?

ಗುಳ್ಳೆ
ಸಿಒ2 ಸಿಲಿಂಡರ್ ಇಲ್ಲದ ಟ್ಯಾಂಕಿನಲ್ಲಿ ಅದಕ್ಕೆ ಒಂದು ಅರ್ಥ ಇದೆ. ಬೆಳಿಗ್ಗೆ ನೀರಲ್ಲಿದ್ದ ಸಿಒ2 ಗಿಡ ತಿಂದು ಮುಗಿಸುತ್ತದೆ, ನಡುವೆ ಬಿಟ್ಟರೆ ಸ್ವಲ್ಪ ಸೇರಿಕೊಳ್ಳುತ್ತದೆ. ಆದರೆ ಪಾಚಿ ಕೊಲ್ಲುವ ತಂತ್ರ ಅಂತ ನಂಬಬೇಡಿ. ಒಟ್ಟು ಗಂಟೆ ಎಷ್ಟು ಅನ್ನುವುದೇ ಮುಖ್ಯ.

ರಾತ್ರಿಪಾಳಿ
ಒಂದು ಸಕರ್ ಮೀನು ಬಿಡಿ ಸರ್, ಎಲ್ಲ ನೆಕ್ಕಿ ಹಾಕುತ್ತದೆ.

ಸಿಗಡಿ ಸಂಸಾರ
ದಯವಿಟ್ಟು ಬೇಡ! ಬೆರಳುದ್ದ ಇದ್ದಾಗ ಮುದ್ದಾಗಿರುತ್ತದೆ. ಬೆಳೆದರೆ ಒಂದಡಿ ದಾಟುತ್ತದೆ. 60 ಲೀಟರಿನಲ್ಲಿ ಅದಕ್ಕೆ ತಿರುಗಲೂ ಜಾಗ ಇರುವುದಿಲ್ಲ. ತಿನ್ನುವುದಕ್ಕಿಂತ ಹೇಲುವುದೇ ಜಾಸ್ತಿ, ಗಿಡದ ಎಲೆಯನ್ನೂ ಕೆರೆದು ತೂತು ಮಾಡುತ್ತದೆ. ಬಿಬಿಎಯನ್ನಂತೂ ಮೂಸಿಯೂ ನೋಡುವುದಿಲ್ಲ. ದೊಡ್ಡದಾಯಿತು ಅಂತ ಕೆರೆಗೋ ಹೊಳೆಗೋ ಬಿಡುವವರೂ ಇದ್ದಾರೆ, ಅದು ಇನ್ನೂ ದೊಡ್ಡ ಅನ್ಯಾಯ. ಎಷ್ಟೋ ದೇಶಗಳ ನೀರಿನಲ್ಲಿ ಅದು ಈಗ ಊರ ಮೀನುಗಳ ಜಾಗ ಕಿತ್ತುಕೊಂಡು ಕೂತಿದೆ.

ಪಾಚಿ ತಿನ್ನುವವರು ಬೇಕೇ ಬೇಕು ಅಂದರೆ ಅಮಾನೊ ಸಿಗಡಿ ನೋಡಿ. ಗಿಡದ ಅಕ್ವೇರಿಯಂ ಕಟ್ಟುವ ಕಲೆಗೆ ಹೆಸರು ತಂದ ಜಪಾನಿನ ತಕಾಶಿ ಅಮಾನೊ ಅವರಿಂದಲೇ ಅದಕ್ಕೆ ಆ ಹೆಸರು. ನೂಲು ಪಾಚಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ತಿನ್ನುವುದು ನೋಡಲು ಚೆಂದ. ಗಾಜಿನ ಚುಕ್ಕೆಗೆ ನೆರೈಟ್ ಬಸವನಹುಳು. ಸಿಹಿನೀರಿನಲ್ಲಿ ಅದರ ಮರಿ ಬದುಕುವುದಿಲ್ಲ, ಸಂಖ್ಯೆ ಏರುವ ಭಯ ಇಲ್ಲ. ಬಿಳಿ ಮೊಟ್ಟೆ ಮಾತ್ರ ಅಲ್ಲಲ್ಲಿ ಅಂಟಿಸುತ್ತದೆ.

ತಾಮ್ರ ಇರುವ ಪಾಚಿ ಔಷಧಿ ಮಾತ್ರ ಮುಟ್ಟಬೇಡಿ. ಸಿಗಡಿ, ಬಸವನಹುಳು ಎರಡೂ ಸಾಯುತ್ತವೆ.

ಹಸಿರುಗಾಜು
ಸಿಗಡಿ ಬಿಬಿಎ ತಿನ್ನುತ್ತದಾ ಮೇಡಂ?

ಸಿಗಡಿ ಸಂಸಾರ
ಹಸಿ ಬಿಬಿಎ ಅಪರೂಪಕ್ಕೆ. ಸತ್ತದ್ದನ್ನು ಖುಷಿಯಾಗಿ ತಿನ್ನುತ್ತವೆ. ನಾನು ಮಾಡುವುದು ಹೀಗೆ.

ಮೆಡಿಕಲ್‌ನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್, 3% ದ್ರಾವಣ. ಬಾಟಲಿ ಮೇಲೆ 6% ಅಂತ ಇದ್ದರೆ ಅಷ್ಟೇ ನೀರು ಬೆರೆಸಿ. ಫಿಲ್ಟರ್ ನಿಲ್ಲಿಸಿ, ನೀರು ಅಲುಗಾಡುವುದು ನಿಲ್ಲಲಿ. ಸೂಜಿ ತೆಗೆದ ಸಿರಿಂಜ್‌ನಿಂದ ಕುಚ್ಚಿನ ಮೇಲೆ ನಿಧಾನವಾಗಿ ಬಿಡಿ. ಕೂಡಲೇ ಕುಚ್ಚಿನ ತುದಿಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಐದು ಹತ್ತು ನಿಮಿಷ ಬಿಟ್ಟು ಫಿಲ್ಟರ್ ಹಾಕಿ. ಒಂದು ಸಲಕ್ಕೆ ನಾಲ್ಕು ಲೀಟರ್ ನೀರಿಗೆ 1 ಮಿ.ಲೀ.ಗಿಂತ ಜಾಸ್ತಿ ಬೇಡ, ಅಂದರೆ ನಿಮ್ಮ ಟ್ಯಾಂಕಿಗೆ 15 ಮಿ.ಲೀ. ಒಳಗೆ. ಕೆಲವೇ ದಿನದಲ್ಲಿ ಕಪ್ಪು ಹೋಗಿ ಗುಲಾಬಿ ಆಗುತ್ತದೆ, ಆಮೇಲೆ ಬೂದು ಬಿಳಿ. ಆ ಗುಲಾಬಿ ಹಂತದಲ್ಲಿ ಸಿಗಡಿಗಳು ಮುತ್ತಿಕೊಳ್ಳುತ್ತವೆ. ಅನೂಬಿಯಾಸ್ ಇದನ್ನು ತಡೆಯುತ್ತದೆ. ಜಾವಾ ಮಾಸ್‌ನಂಥ ಮಾಸ್ ಗಿಡ, ವ್ಯಾಲಿಸ್ನೇರಿಯಾ ತಡೆಯದೆ ಇರಬಹುದು, ಅವುಗಳ ಮೇಲೆ ಬಿಡಬೇಡಿ.

ಕೆರೆದಂಡೆ
ವಿಧಾನ ಸರಿ ಇದೆ. ಆದರೆ ಕಾರಣ ಉಳಿದರೆ ಬಿಬಿಎ ಮತ್ತೆ ಬರುತ್ತದೆ. ಲೈಟ್ ಕಡಿಮೆ ಮಾಡದೆ ಸುಮ್ನೆ ಪೆರಾಕ್ಸೈಡ್ ಬಿಡುತ್ತಾ ಕೂತರೆ ಮುಗಿಯುವುದೇ ಇಲ್ಲ. ಕುಚ್ಚು ತುಂಬಿದ ಹಳೆಯ ಎಲೆಗಳನ್ನು ಬುಡದಿಂದ ಕತ್ತರಿಸಿಬಿಡಿ. ಅವು ಇನ್ನು ಗಿಡಕ್ಕೆ ಪ್ರಯೋಜನ ಇಲ್ಲ.

ಗುಳ್ಳೆ
ಬಿಬಿಎಗೂ ಸಿಒ2 ಏರುಪೇರಿಗೂ ನಂಟು ಇದೆ. ಸಿಲಿಂಡರ್ ಇರುವವರ ಟ್ಯಾಂಕಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಗ್ಯಾಸ್ ಒಂದು ದಿನ ಜೋರು, ಒಂದು ದಿನ ಖಾಲಿ ಆದರೆ ವಾರದಲ್ಲಿ ಕುಚ್ಚು ಹಾಜರ್. ಡ್ರಾಪ್ ಚೆಕರ್ (ಸಿಒ2 ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಸಣ್ಣ ಬುರುಡೆ) ಇಟ್ಟುಕೊಂಡವರು ಒಳಗೆ 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ನೀರು ಹಾಕಿ. ಹಸಿರು ಬಂದರೆ 30 ಪಿಪಿಎಂ ಆಸುಪಾಸು, ನೀಲಿ ಅಂದರೆ ಕಡಿಮೆ, ಹಳದಿ ಅಂದರೆ ಮೀನಿಗೆ ಅಪಾಯ. ಅದು ತೋರಿಸುವುದು ಒಂದೆರಡು ಗಂಟೆ ಹಿಂದಿನ ಸ್ಥಿತಿ, ಈಗಿನದಲ್ಲ. ಟ್ಯಾಂಕಿನ ನೀರನ್ನೇ ಅದರೊಳಗೆ ತುಂಬಿಸಿ ಬಣ್ಣ ನಂಬುವವರು ಬಹಳ ಜನ ಇದ್ದಾರೆ, ಆ ಬಣ್ಣಕ್ಕೆ ಬೆಲೆ ಇಲ್ಲ.

‘ಲಿಕ್ವಿಡ್ ಕಾರ್ಬನ್’ ಅಂತ ಬರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಗ್ಲುಟಾರಾಲ್ಡಿಹೈಡ್ ಬಗೆಯ ರಾಸಾಯನಿಕ. ಆಸ್ಪತ್ರೆ ಉಪಕರಣ ಶುಚಿ ಮಾಡಲು ಬಳಸುವ ಗುಂಪಿನದು. ಪಾಚಿ ಸಾಯಿಸುತ್ತದೆ, ನಿಜ. ಸಿಲಿಂಡರಿಗೆ ಬದಲಿ ಅಲ್ಲ. ಕೈಗೆ ಗ್ಲೌಸ್ ಹಾಕಿ. ವ್ಯಾಲಿಸ್ನೇರಿಯಾ ಇದಕ್ಕೂ ಕರಗಿ ಹೋಗುತ್ತದೆ.

ಹೊಸ ಟ್ಯಾಂಕ್
ನಡುವೆ ನುಗ್ಗಿದ್ದಕ್ಕೆ ಕ್ಷಮಿಸಿ. ನನ್ನ ಟ್ಯಾಂಕ್ ಶುರುವಾಗಿ ಎರಡು ವಾರ. ಎಲೆ, ಮರಳು, ಗಾಜು ಎಲ್ಲ ಕಡೆ ಕಂದು ಪುಡಿ. ಮೀನು ನೀರಿನ ಮೇಲ್ಭಾಗದಲ್ಲಿ ಬಾಯಿ ಬಿಡುತ್ತಿವೆ. ಇದೂ ಪಾಚಿಯಿಂದಲೇ ಆಗಿದ್ದಾ?

ಕೆರೆದಂಡೆ
ಕಂದು ಪುಡಿ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕಿನಲ್ಲಿ ಬಂದೇ ಬರುತ್ತದೆ, ಕೆಲವು ವಾರದಲ್ಲಿ ತಾನಾಗಿ ಹೋಗುತ್ತದೆ. ಅದನ್ನು ಬಿಡಿ. ಮೀನು ಬಾಯಿ ಬಿಡುತ್ತಿರುವುದು ಗಂಭೀರ. ಈಗಲೇ ಅಮೋನಿಯಾ, ನೈಟ್ರೈಟ್ ಟೆಸ್ಟ್ ಮಾಡಿ. ಎಷ್ಟು ಬಂತು ಹೇಳಿ.

ಹೊಸ ಟ್ಯಾಂಕ್
ಅಮೋನಿಯಾ 1, ನೈಟ್ರೈಟ್ 0.5, ಪಿಎಚ್ 8.

ರಸಾಯನ ಮೇಷ್ಟ್ರು
ಅರ್ಧ ನೀರು ಈಗಲೇ ಬದಲಾಯಿಸಿ, ನಾಳೆ ಮತ್ತೆ ಟೆಸ್ಟ್ ಮಾಡಿ. ಮೀನಿಗೆ ಒಂದೆರಡು ದಿನ ಆಹಾರ ಬೇಡ. ಏರ್ ಪಂಪ್ ಇದ್ದರೆ ಹಾಕಿ.

ನಿಮ್ಮ ಪಿಎಚ್ 8 ಅನ್ನುವುದು ಇಲ್ಲಿ ಮುಖ್ಯ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಮೀನಿಗೆ ವಿಷವಾಗುವ ರೂಪ ಎಷ್ಟು ಅನ್ನುವುದು ಪಿಎಚ್ ಮತ್ತು ಬಿಸಿ ಮೇಲೆ ನಿಲ್ಲುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಆ ವಿಷದ ಪಾಲು 1%ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಅದೇ ಸುಮಾರು 5%. ಕಿಟ್‌ನಲ್ಲಿ ಒಂದೇ ಬಣ್ಣ, ಮೀನಿಗೆ ಮಾತ್ರ ಹಲವು ಪಟ್ಟು ವಿಷ.

ಅಮೋನಿಯಾವನ್ನು ನೈಟ್ರೈಟ್, ಅಲ್ಲಿಂದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನಿಮ್ಮ ಫಿಲ್ಟರ್‌ನಲ್ಲಿ ಇನ್ನೂ ನೆಲೆ ನಿಂತಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಳೆಯ ಟ್ಯಾಂಕ್ ಇರುವ ಗೆಳೆಯರು ಇದ್ದರೆ ಅವರ ಫಿಲ್ಟರಿನ ಒಂದು ತುಂಡು ಸ್ಪಂಜ್ ಕೇಳಿ ತನ್ನಿ. ಒದ್ದೆಯಾಗಿಯೇ ತನ್ನಿ, ಒಣಗಿದರೆ ಏನೂ ಉಪಯೋಗ ಇಲ್ಲ.

ಸಿಗಡಿ ಸಂಸಾರ
ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಕ್ಲೋರಿನ್‌ಗೆ ಆ ಬ್ಯಾಕ್ಟೀರಿಯಾ ಸಾಯುತ್ತವೆ.

ರಾತ್ರಿಪಾಳಿ
ನೀರನ್ನು ಬಕೆಟ್‌ನಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಹೋಗುತ್ತದಲ್ವಾ?

ರಸಾಯನ ಮೇಷ್ಟ್ರು
ಕ್ಲೋರಿನ್ ಹೋಗುತ್ತದೆ. ಕ್ಲೋರಮಿನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ಹಾಕಿದ ನೀರಾದರೆ ಹೋಗುವುದಿಲ್ಲ. ಕ್ಲೋರಿನ್ ತೆಗೆಯುವ ಥಯೊಸಲ್ಫೇಟ್ ಹಾಕಿದರೆ ಕ್ಲೋರಮಿನ್ ಒಡೆಯುತ್ತದೆ, ಆದರೆ ಅದರೊಳಗಿನ ಅಮೋನಿಯಾ ನೀರಿನಲ್ಲೇ ಉಳಿಯುತ್ತದೆ. ಪಳಗಿದ ಫಿಲ್ಟರ್ ಇದ್ದರೆ ಅದು ನೋಡಿಕೊಳ್ಳುತ್ತದೆ. ಹೊಸ ಟ್ಯಾಂಕಿನಲ್ಲಿ ಅಮೋನಿಯಾವನ್ನೂ ಕಟ್ಟಿಹಾಕುವ ಕಂಡೀಷನರ್ ಬಳಸಿ.

ನೀರ್ಗಿಡ
ಮಾತು ಎಲ್ಲಿಗೋ ಹೋಯಿತು, ಆದರೂ ಒಳ್ಳೆಯದಾಯಿತು. ಹಸಿರುಗಾಜು ಅವರೇ, ಬೇಗ ಬೆಳೆಯುವ ಗಿಡ ನಿಮ್ಮಲ್ಲಿ ವ್ಯಾಲಿಸ್ನೇರಿಯಾ ಒಂದೇ. ಒಂದು ಹಿಡಿ ಹಾರ್ನ್‌ವರ್ಟ್ ಹಾಕಿ, ಮೇಲೆ ಸ್ವಲ್ಪ ಸಾಲ್ವಿನಿಯಾ ತೇಲಿಬಿಡಿ. ತೇಲುವ ಗಿಡಕ್ಕೆ ಗಾಳಿಯಿಂದಲೇ ಸಿಒ2 ಸಿಗುತ್ತದೆ, ಅದಕ್ಕೇ ಅದು ಅಷ್ಟು ಬೇಗ ಬೆಳೆಯುವುದು. ಕೆಳಗಿನ ಅನೂಬಿಯಾಸ್‌ಗೆ ನೆರಳೂ ಆಯಿತು. ಅರ್ಧಕ್ಕಿಂತ ಜಾಸ್ತಿ ಮುಚ್ಚದಂತೆ ವಾರಕ್ಕೊಮ್ಮೆ ಬಾಚಿ ತೆಗೆಯಿರಿ.

ತಿಳಿನೀರು
ಇದನ್ನು ಪೂರ್ತಿ ಒಪ್ಪುತ್ತೇನೆ. ಗೊಬ್ಬರದ ಬಗ್ಗೆ ಮಾತ್ರ ನನ್ನ ಅನುಮಾನ ಹೋಗಿಲ್ಲ. ಸಿಒ2 ಇಲ್ಲದ ಟ್ಯಾಂಕಿಗೆ ಇಐ ಪೂರ್ತಿ ಪ್ರಮಾಣ ಹಾಕಿಸಬೇಡಿ ಮೇಷ್ಟ್ರೇ. ಆ ಗಿಡಗಳು ಅಷ್ಟು ತಿನ್ನುವುದಿಲ್ಲ.

ರಸಾಯನ ಮೇಷ್ಟ್ರು
ಇಲ್ಲಿ ನಿಮ್ಮ ಮಾತೇ ಸರಿ. ಇಂಥ ಟ್ಯಾಂಕಿಗೆ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಸಾಕು. ನೈಟ್ರೇಟ್ 5ರಿಂದ 10 ಪಿಪಿಎಂ ನಡುವೆ ನಿಂತರೆ ನನಗೆ ತೃಪ್ತಿ. ನೀರೂ ವಾರಕ್ಕೆ ಕಾಲು ಭಾಗ ಬದಲಾಯಿಸಿದರೆ ಸಾಕು.

ಹಸಿರುಗಾಜು
ಎಲ್ಲರಿಗೂ ಧನ್ಯವಾದ. ಲೈಟ್ 6 ಗಂಟೆ, ಟೈಮರ್ ಹಾಕಿದ್ದೇನೆ. ಅನೂಬಿಯಾಸ್ ಕೆಳಗೆ ಇಳಿಸಿ, ಕೆಟ್ಟ ಎಲೆ ಕತ್ತರಿಸಿದೆ. ಉಳಿದದ್ದಕ್ಕೆ ಪೆರಾಕ್ಸೈಡ್. ನೈಟ್ರೇಟ್ ಬಾಟಲಿ ಚೆನ್ನಾಗಿ ಕುಲುಕಿ ಮತ್ತೆ ಟೆಸ್ಟ್ ಮಾಡಿದೆ, ಆಗಲೂ 0. ಹಾಗಾಗಿ ಒಂದು ಬಾಟಲಿ ಗೊಬ್ಬರ ತಂದು ಶುರು ಮಾಡಿದ್ದೇನೆ. ಕೆಲವು ವಾರ ಬಿಟ್ಟು ಬರೆಯುತ್ತೇನೆ.

ಗುಳ್ಳೆ
ಒಳ್ಳೆಯದು. ನಡುವೆ ಏನನ್ನೂ ಬದಲಾಯಿಸಬೇಡಿ. ಗಿಡಕ್ಕೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕೇ ಬೇಕು.

ಹಸಿರುಗಾಜು
ಈಗ ವರದಿ. ಅನೂಬಿಯಾಸ್‌ನಲ್ಲಿ ಬಂದ ಹೊಸ ಎಲೆಗಳ ಅಂಚು ಪೂರ್ತಿ ಚೊಕ್ಕ ಇದೆ. ಪೈಪಿನ ಬಾಯಲ್ಲಿ ಕುಚ್ಚು ಮತ್ತೆ ಬಂದಿಲ್ಲ. ಸಾಲ್ವಿನಿಯಾ ವಾರಕ್ಕೆ ಒಂದು ಬೊಗಸೆ ತೆಗೆಯುತ್ತಿದ್ದೇನೆ. ಗಾಜಿನ ಮೇಲಿನ ಹಸಿರು ಚುಕ್ಕೆ ಮಾತ್ರ ಬ್ಲೇಡಿನಿಂದ ಕೆರೆದರೂ ಮತ್ತೆ ಬರುತ್ತಿದೆ. ಹಳೆಯ ವ್ಯಾಲಿಸ್ನೇರಿಯಾ ಎಲೆಗಳು ಹಳದಿಯಾಗುತ್ತಿವೆ.

ಕೆರೆದಂಡೆ
ಗ್ರೀನ್ ಸ್ಪಾಟ್ ಜಾಸ್ತಿ ಇದ್ದರೆ ಮೊದಲು ಫಾಸ್ಫೇಟ್ ಕೊರತೆ ಅನುಮಾನಿಸಬೇಕು. ಹಳೆಯ ಎಲೆ ಹಳದಿ ಅಂದರೆ ಹೆಚ್ಚಾಗಿ ಸಾರಜನಕ. ಹೊಸ ಎಲೆ ಬಿಳಿಚಿದ್ದರೆ ಕಬ್ಬಿಣ ಅನ್ನುತ್ತಿದ್ದೆ. ನಿಮ್ಮ ಗೊಬ್ಬರದ ಲೇಬಲ್‌ನಲ್ಲಿ ನೈಟ್ರೇಟ್, ಫಾಸ್ಫೇಟ್ ಇವೆಯಾ?

ಹಸಿರುಗಾಜು
ಇಲ್ಲ! ಪೊಟ್ಯಾಶಿಯಂ, ಕಬ್ಬಿಣ, ಮ್ಯಾಂಗನೀಸ್ ಇಂಥವು ಮಾತ್ರ.

ರಸಾಯನ ಮೇಷ್ಟ್ರು
ಹಲವು ಬಾಟಲಿಗಳು ಹೀಗೇ. ಮೀನಿನ ಹೇಲಿನಿಂದ ಸಾರಜನಕ, ಫಾಸ್ಫೇಟ್ ಸಿಗುತ್ತದೆ ಅಂದುಕೊಂಡು ಅವೆರಡನ್ನೂ ಬಿಟ್ಟಿರುತ್ತಾರೆ. ನಿಮ್ಮಲ್ಲಿ ಮೀನು ಕಡಿಮೆ, ಗಿಡ ಈಗ ಜಾಸ್ತಿ. ಎರಡೂ ಸೇರಿದ ಬಾಟಲಿ ತನ್ನಿ, ಇಲ್ಲವೇ ಪುಡಿ ತೂಗಿ ಹಾಕಿ. 60 ಲೀಟರಿಗೆ 1 ಗ್ರಾಂ ಪೊಟ್ಯಾಶಿಯಂ ನೈಟ್ರೇಟ್ ಹಾಕಿದರೆ ನೈಟ್ರೇಟ್ ಸುಮಾರು 10 ಪಿಪಿಎಂ ಏರುತ್ತದೆ. 0.1 ಗ್ರಾಂ ಮೊನೊಪೊಟ್ಯಾಶಿಯಂ ಫಾಸ್ಫೇಟ್ ಹಾಕಿದರೆ ಫಾಸ್ಫೇಟ್ 1ಕ್ಕಿಂತ ಸ್ವಲ್ಪ ಜಾಸ್ತಿ. ವಾರಕ್ಕೆ ಇದರ ಅರ್ಧದಿಂದ ಶುರು ಮಾಡಿ.

ತಿಳಿನೀರು
ಪುಡಿ ಹಾಕುವುದಾದರೆ ಸಣ್ಣ ತಕ್ಕಡಿ ಇರಲಿ, ಚಮಚದ ಅಂದಾಜು ಬೇಡ. ಎರಡು ವಾರ ಆದ ಮೇಲೆ ನೈಟ್ರೇಟ್ ಟೆಸ್ಟ್ ಮಾಡಿ ಇಲ್ಲೇ ಹಾಕಿ. 20 ದಾಟಿದರೆ ಮೇಷ್ಟ್ರನ್ನು ನಾನು ಮತ್ತೆ ಕೇಳುತ್ತೇನೆ.

ರಸಾಯನ ಮೇಷ್ಟ್ರು
ಕೇಳಿ. ಫಾಸ್ಫೇಟ್ ಟೆಸ್ಟ್ ಕೂಡ ಹಾಕಲಿ, ಒಟ್ಟಿಗೆ ನೋಡೋಣ.